ಗುರುಬಸಪ್ಪ ಸಾವಕಾರರ ಧಕ್ಕೆ

ಈಚೆಗೆ ನಾನು ಸತ್ತವರೊಬ್ಬರ ಮಾನ ಕಳೆದೆನಂತೆ. ಅದೂ ಪೇಪರಿನಲ್ಲಿ, ಫೋಟೋ ಸಮೇತ. (ಫೋಟೋ ನನ್ನದು, ಮಾನ ಅವರದು.)

ವಿಷಯ ಗೊತ್ತಾದದ್ದು ಫೋನಿನಲ್ಲಿ. ಬೆಳಗಿನ ಅವಲಕ್ಕಿಗೆ ಒಗ್ಗರಣೆ ಇಟ್ಟಿದ್ದೆ. ಗೊತ್ತಿಲ್ಲದ ನಂಬರು.

"ನೀವ ಏನ್ರಿ, ಪೇಪರ್‌ದಾಗ ಬರಿಯೂರು?" ಹೆಂಗಸಿನ ದನಿ. ವಯಸ್ಸಾದ ದನಿ, ಆದರೆ ಬಗ್ಗದ ದನಿ.

"ಹೌದ್ರಿ, ನಾನೇ," ಎಂದು ಗ್ಯಾಸ್ ಸಣ್ಣ ಮಾಡಿದೆ. ಹೊಗಳಲು ಫೋನ್ ಮಾಡಿದವರನ್ನು ಅವಸರದಲ್ಲಿ ಕೇಳಿಸಿಕೊಳ್ಳಬಾರದು ಎಂಬುದು ನನ್ನ ನಿಯಮ.

"ನಮ್ಮ ಅಜ್ಜ ನಿಮಗೇನ್ ಅನ್ಯಾಯ ಮಾಡ್ಯಾನ್ರಿ?"

ಸಾಸಿವೆ ಸೀದುಹೋಯಿತು.

ಮಾತಾಡುತ್ತಿದ್ದವರು ಹಳಿಯಾಳದ ನೀಲವ್ವ. ಪೇಟೆಯಲ್ಲಿ ಕಿರಾಣಿ ಅಂಗಡಿ. ಗುರುಬಸಪ್ಪ ಸಾವಕಾರರ ಮೊಮ್ಮಗಳು. "ನಿಮ್ಮ ಪೇಪರ್‌ದಾಗ ಜೀರಗಿ ಕಟ್ಟಿ ಕೊಡ್ತೇವ್ರಿ. ಕಟ್ಟೂ ಮುಂದ ಅಜ್ಜನ ಹೆಸರು ಕಣ್ಣಿಗೆ ಬಿತ್ತು," ಎಂದರು. ನಾನು ಎರಡು ದಿನ ಕೂತು ಬರೆದದ್ದರಲ್ಲಿ ಹಳಿಯಾಳದವರು ಜೀರಿಗೆ ಒಯ್ಯುತ್ತಾರೆ ಎಂಬ ಸುದ್ದಿಯನ್ನು ನಾನು ಸಮಾಧಾನದಿಂದಲೇ ಸ್ವೀಕರಿಸಿದೆ. ಓದಿದವರು ಒಬ್ಬರಾದರೂ ಸಿಕ್ಕಿದರಲ್ಲ.

ಕೆಲವು ವಾರಗಳ ಹಿಂದೆ ನಾನು ನನ್ನ ತವರಿನ ಬಂದರಿನ ಬಗ್ಗೆ ಬರೆದದ್ದು ನಿಮಗೆ ನೆನಪಿರಬಹುದು. (ಇಲ್ಲದಿದ್ದರೆ ನಿಮ್ಮ ಮನೆಯ ಜೀರಿಗೆ ಪೊಟ್ಟಣ ಬಿಚ್ಚಿ ನೋಡಿ.) ಅಪ್ಪನ ಕೈಹಿಡಿದು ದೋಣಿ ನೋಡಲು ಹೋಗುತ್ತಿದ್ದದ್ದು, ಬಂಗಡೆ ಬುಟ್ಟಿಗಳು, ಕಾಗೆಗಳು. ಅದರ ನಡುವೆ ಒಂದು ವಾಕ್ಯ: 'ಹಳಿಯಾಳದ ಗುರುಬಸಪ್ಪ ಸಾವಕಾರರ ಧಕ್ಕೆಯನ್ನು ನಾನು ಇವತ್ತಿಗೂ ಮರೆತಿಲ್ಲ.'

ಈಗ ಈ ವಾಕ್ಯವನ್ನು ಘಟ್ಟದ ಕೆಳಗೆ ನಿಂತು ಓದಿ. ಧಕ್ಕೆ ಎಂದರೆ ದೋಣಿ ಬಂದು ನಿಲ್ಲುವ, ಸರಕು ಇಳಿಸುವ ಕಟ್ಟೆ. ಈಗಿನವರು ಜೆಟ್ಟಿ ಎನ್ನುತ್ತಾರಲ್ಲ, ಅದು. ಎಷ್ಟು ಚೆಂದದ ವಾಕ್ಯ.

ಇನ್ನು ಘಟ್ಟ ಹತ್ತಿ, ಹಳಿಯಾಳದ ಪೇಟೆಯಲ್ಲಿ ಗಲ್ಲಾದ ಮೇಲೆ ಕೂತು ಓದಿ. ಧಕ್ಕೆ ಎಂದರೆ ಪೆಟ್ಟು. ಮಾನಕ್ಕೆ ಧಕ್ಕೆ, ವ್ಯಾಪಾರಕ್ಕೆ ಧಕ್ಕೆ, ಎದೆಗೆ ಧಕ್ಕೆ. ನಿಂತ ಜೀಪನ್ನು ಹಿಂದಿನಿಂದ ನೂಕಿದರೆ ಅದು ಧಕ್ಕಾ. ಒಟ್ಟಿನಲ್ಲಿ ಒಳ್ಳೆಯದೊಂದೂ ಇಲ್ಲ. ಗುರುಬಸಪ್ಪ ಸಾವಕಾರರು ನನಗೆ ಯಾವ ಪೆಟ್ಟು ಕೊಟ್ಟಿದ್ದರು, ಅದನ್ನು ನಾನು ಇವತ್ತಿಗೂ ಯಾಕೆ ಮರೆತಿಲ್ಲ?

ನಾನು ಅರ್ಥ ಹೇಳಲು ಹೋದೆ. ಅವರು ಕೇಳಲಿಲ್ಲ. "ಫೋನ್‌ದಾಗ ಬ್ಯಾಡ್ರಿ. ಇವತ್ತ ದಾಂಡೇಲಿಗೆ ಬರ್ತೇನಿ. ತಿದ್ದುಪಡಿ ಬರದಿಡ್ರಿ, ನೋಡಿ ಹೋಗ್ತೇನಿ."

ಫೋನಿಟ್ಟಾಗ ನಮ್ಮನೆಯವರು ಪೇಪರಿನ ಮೇಲಿಂದ ನೋಡಿದರು. ಧಾರವಾಡದ ಕಡೆಯವರು. ಪೇಪರ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾಗಿದ್ದಾರೆ, ಈಗ ಪೇಪರ್ ಓದುವುದೇ ಕೆಲಸ. "ನಾ ಅವತ್ತ ಹೇಳಿದ್ನಿ," ಎಂದರು. "ಆ ಲೈನ್ ಓದಿದರ ಸಾವಕಾರ ನಿನ್ನ ಗಟಾರಕ್ಕ ದಬ್ಬಿದಂಗ ಐತಿ ಅಂತ."

ಹೇಳಿರಲಿಲ್ಲ. ಆದರೆ ಗಂಡಂದಿರು ಘಟನೆಯ ನಂತರ ಹೇಳಿದ್ದೆಲ್ಲ ಮೊದಲೇ ಹೇಳಿದ್ದೆಂದು ಲೆಕ್ಕ.

*

ನೀಲವ್ವ (ಇನ್ನು ನನಗೆ ನೀಲಕ್ಕ) ಮಧ್ಯಾಹ್ನದೊಳಗೆ ಬಂದರು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಕೈಯಲ್ಲಿ ರೊಟ್ಟಿ ಬುತ್ತಿಯ ಚೀಲ. ಜಗಳಕ್ಕೆ ಬರುವವರು ಬುತ್ತಿ ಕಟ್ಟಿಕೊಂಡು ಬಂದರೆ ಬೇಗ ಹೋಗುವವರಲ್ಲ ಎಂದರ್ಥ.

ಚಹಾ ಕುಡಿಯಲಿಲ್ಲ. ನೀರು ಕುಡಿದರು. "ತಿದ್ದುಪಡಿ ಎಲ್ಲೈತ್ರಿ?"

ನಾನು ನಿಘಂಟು ತಂದೆ. ಧಕ್ಕೆ ಶಬ್ದದ ಮೇಲೆ ಬೆರಳಿಟ್ಟು ತೋರಿಸಿದೆ. ಮೊದಲ ಅರ್ಥವೇ ಪೆಟ್ಟು, ಹಾನಿ. ಎರಡನೆಯದನ್ನು ನಾನು ಓದುವಷ್ಟರಲ್ಲಿ ಅವರು ಪುಸ್ತಕ ಮುಚ್ಚಿದರು. "ಮೊದಲಿಂದ ಸಾಕ್ರಿ."

ಆಮೇಲೆ ಮೊಬೈಲಿನಲ್ಲಿ ಬಂದರಿನ ಫೋಟೋ ತೋರಿಸಿದೆ. ತವರಿನಲ್ಲಿ ಅಣ್ಣ ತೆಗೆದದ್ದು. ದೋಣಿಗಳು, ಕಪ್ಪು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಬಲೆ ಒಣಹಾಕಿದ ಹೆಂಗಸರು. "ಈ ಕಟ್ಟೆಗೇ ನಮ್ಮೂರಲ್ಲಿ ಧಕ್ಕೆ ಅಂತಾರೆ ನೀಲಕ್ಕಾ. ಇದನ್ನ ನಿಮ್ಮ ಅಜ್ಜ ಕಟ್ಟಿಸಿದ್ದು. ಅದಕ್ಕೇ ಗುರುಬಸಪ್ಪನ ಧಕ್ಕೆ. ಹೆಸರು ಇಟ್ಟದ್ದು ಬೈಯ್ಯೋಕಲ್ಲ."

ಅವರು ಬಹಳ ಹೊತ್ತು ಆ ಫೋಟೋ ನೋಡಿದರು. ಮುಖದ ಬಿಗಿ ಸಡಿಲಾಗಲಿಲ್ಲ. ಬದಲಿಗೆ ಇನ್ನೂ ಗಟ್ಟಿಯಾಯಿತು.

"ನಮ್ಮ ಮನ್ಯಾಗ ಆ ಶಬ್ದ ಯಾರೂ ಅಂತಿದ್ದಿಲ್ರಿ," ಎಂದರು. "ಸಮುದ್ರದ ಕಡೆ ಅಜ್ಜಗ ದೊಡ್ಡ ಧಕ್ಕಿ ಆತಂತ, ದೋಣಿ ಮುಳಿಗಿ ಮಾಲ್ ಹೋತಂತ, ಆ ಮಂದಿ ಆಡಿಕೊಂಡು ನಗಾಕ ಹಂಗ ಹೆಸರಿಟ್ಟಾರಂತ. ನಮ್ಮಪ್ಪಗೂ ಅಷ್ಟ ಗೊತ್ತು, ನನಗೂ ಅಷ್ಟ. 'ಆ ಜಾಗಾ' ಅಂತಿದ್ವಿ. ಕೇಳೂ ಪೈಕಿ ಅಲ್ಲ ಅದು."

ಇದು ನಿಮಗೆ ವಿಚಿತ್ರ ಅನ್ನಿಸಿದರೆ, ನೀವು ಹಳೆಯ ವ್ಯಾಪಾರಸ್ಥರ ಅಂಗಡಿಗೆ ಹೋಗಿಲ್ಲ. ಅಲ್ಲಿ ಅಪಶಕುನದ ಮಾತಿಗೆ ಜಾಗವಿಲ್ಲ. ಧಾನ್ಯ ಅಳೆಯುವಾಗ ಮೊದಲ ಸೇರಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಸರಕು ತೀರಿದರೆ 'ಇಲ್ಲ' ಎನ್ನುವುದಿಲ್ಲ, 'ಹೆಚ್ಚಾಗೇತಿ' ಎನ್ನುತ್ತಾರೆ. ಮದುವೆಯಾಗಿ ಈ ಕಡೆಗೆ ಬಂದ ಹೊಸತರಲ್ಲಿ ನಾನು ಒಂದು ಅಂಗಡಿಯಲ್ಲಿ ಕೊಬ್ಬರಿ ಎಣ್ಣೆ ಕೇಳಿದೆ. "ಹೆಚ್ಚಾಗೇತ್ರಿ," ಎಂದರು. "ಹಾಗಾದ್ರೆ ಎರಡು ಬಾಟಲಿ ಕೊಡಿ," ಎಂದೆ. ಅಂಗಡಿಯವರು ನನ್ನನ್ನೂ ನನ್ನ ಅತ್ತೆಯನ್ನೂ ಒಮ್ಮೆ ನೋಡಿದರು. ಅತ್ತೆ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು.

ಅಂಥ ಮನೆಯಲ್ಲಿ ಹಿರಿಯರ ಹೆಸರಿನ ಪಕ್ಕಕ್ಕೆ 'ಧಕ್ಕೆ' ಬಂದು ಕೂತರೆ ಯಾರು ಬಾಯಿಬಿಡುತ್ತಾರೆ? ಯಾರೂ ಆಡಲಿಲ್ಲ, ಆದ್ದರಿಂದ ಯಾರೂ ಕೇಳಲಿಲ್ಲ, ಆದ್ದರಿಂದ ಯಾರಿಗೂ ತಿಳಿಯಲಿಲ್ಲ. ಎಷ್ಟು ಮನೆಗಳಲ್ಲಿ ಹೀಗೆ ಆಡದ ಮಾತುಗಳೇ ಇತಿಹಾಸವಾಗಿ ಕೂತಿವೆಯೋ.

ನೀಲಕ್ಕ ಫೋಟೋ ವಾಪಸು ಕೊಟ್ಟರು. ಆಮೇಲೆ ಮೆಲ್ಲಗೆ, ತಮಗೇ ಹೇಳಿಕೊಳ್ಳುವಂತೆ, "ಹಂಗಾರ ನಾ ಕೆಲಸಾ ಕೆಡಿಸೀನಿ," ಎಂದರು.

ಏನು ಕೆಡಿಸಿದ್ದೆಂದರೆ, ಆ ಬಂದರಿನಲ್ಲಿ ಈಗ ರಿಪೇರಿ ನಡೆದಿದೆ. ಹಳೆಯ ಕಲ್ಲಿನ ಮೇಲೆ ಕಾಂಕ್ರೀಟು, ಹೊಸ ದೀಪ, ಹೊಸ ಬೋರ್ಡು. ಬೋರ್ಡಿನಲ್ಲಿ ಹಳೆಯ ಹೆಸರೇ ಇರಲೋ, 'ಜೆಟ್ಟಿ ನಂಬರ್ ಎರಡು' ಎಂದು ಬರೆಯೋಣವೋ ಎಂಬ ಮಾತು ಬಂದಾಗ, ಸಾವಕಾರರ ಮನೆಯವರ ಒಪ್ಪಿಗೆ ಕೇಳಿ ಎಂದರಂತೆ ಬಂದರಿನ ಆಫೀಸಿನವರು. ದೋಣಿಯವರ ಸಂಘದ ದಾಮೋದರಣ್ಣ ಎಂಬುವವರು ಅಕ್ಕಿ ಲಾರಿಯವರ ಕಡೆಯಿಂದ ನಂಬರ್ ಹುಡುಕಿ ನೀಲಕ್ಕನಿಗೆ ಫೋನ್ ಮಾಡಿದ್ದರು. "ನಿಮ್ಮ ಅಜ್ಜನ ಹೆಸರಿನ ಧಕ್ಕೆ ಹಾಗೇ ಉಳಿಸೋದಾ ಬಾಯಿ?" ಎಂದು ಕೇಳಿದ್ದರು. (ಕರಾವಳಿಯಲ್ಲಿ ಹೆಂಗಸರನ್ನು ಬಾಯಿ ಎಂದೇ ಕರೆಯುವುದು.)

"ಏನಂದ್ರಿ ನೀವು?"

"ಏನ್ ಅನ್ನಬೇಕ್ರಿ? ಇಷ್ಟ ದಿನಾ ಉಳಿಸಿದ್ದು ಸಾಕು, ತೆಗದು ಒಗೀರಿ ಅಂದೆ."

ನಮ್ಮನೆಯವರಿಗೆ ನಗು ತಡೆಯಲಾಗಲಿಲ್ಲ. ನೀಲಕ್ಕ ಅವರತ್ತ ತಿರುಗಿದರು. "ನಗಬ್ಯಾಡ್ರಿ ಅಣ್ಣಾರ. ನಮ್ಮ ಅಜ್ಜನ ಹೆಸರು ನಾನ ಅಳಿಸೀನಿ." ಅವರ ಕಣ್ಣು ತುಂಬಿತ್ತು. ನಮ್ಮನೆಯವರು ಪೇಪರಿನ ಹಿಂದೆ ಹೋದರು.

ನೀಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಕಾರವಾರದ ಬಸ್ ಎಷ್ಟಕ್ಕ ಐತ್ರಿ?"

"ಇವತ್ತು ಬೇಡ. ನಾಳೆ ಬೆಳಿಗ್ಗೆ ಹೋಗೋಣ. ನಾನೂ ಬರ್ತೇನೆ."

"ನೀವು ಬರಾಕ ಬೇಕ್ರಿ. ಬರದವರು ನೀವ." ಆಮೇಲೆ ಚಹಾ ಕುಡಿದರು.

*

ಬೆಳಿಗ್ಗೆ ನಮ್ಮ ಮನೆಯಲ್ಲೇ ಲಿಂಗಪೂಜೆ ಮುಗಿಸಿ ನೀಲಕ್ಕ ಬಸ್ಸು ಹತ್ತಿದರು. ಜೋಯಿಡಾ ದಾಟಿ ಅಣಶಿ ಘಾಟು ಇಳಿಯುವವರೆಗೂ ಅವರು ಕಿಟಕಿಯಾಚೆ ನೋಡಿದ್ದು ಕಡಿಮೆ. ಈ ಸಲ ತೇರಗಾಂವದ ಕಡೆ ಭತ್ತ ಹೇಗಿದೆ, ರಾಮನಗರದ ಸಂತೆಯಲ್ಲಿ ಗೋವಾದವರು ಏನೇನು ಒಯ್ಯುತ್ತಾರೆ, ಇದೇ ಮಾತು. ನಾನು ಅರ್ಧ ಕೇಳುತ್ತಿದ್ದೆ. ಅರ್ಧ ತಲೆಯೊಳಗೆ ಈ ಅಂಕಣ ಬರೆಯುತ್ತಿದ್ದೆ. ಶೀರ್ಷಿಕೆಯೂ ಹೊಳೆದಿತ್ತು: 'ಕಡಲಿಗೆ ಕೈಚಾಚಿದ ಕರುಣಾಮಯಿ.' (ನಗಬೇಡಿ. ಘಾಟಿನ ತಿರುವುಗಳಲ್ಲಿ ಯಾರಿಗಾದರೂ ಹೀಗಾಗುತ್ತದೆ.)

ಕದ್ರಾ ದಾಟಿದ ಮೇಲೆ ಕೇಳಿದೆ, "ಸಮುದ್ರ ನೋಡಿದ್ದೀರಾ ನೀಲಕ್ಕಾ?"

"ಎಲ್ಲಿಂದ್ರಿ? ಉಳವಿ ದಾಟಿ ಈಚಿಕಡೆ ಬಂದಕಿ ಅಲ್ಲ. ಸಮುದ್ರ ನಮ್ಮ ಮನಿತನಕ್ಕ ಆಗಿ ಬರಂಗಿಲ್ಲ ಅಂತಿದ್ರು."

ಬಂದರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ನನ್ನ ಅಣ್ಣ ಅಲ್ಲಿ ತಲೆಯೆತ್ತಿ ಓಡಾಡುವುದು ಕಷ್ಟ. ಕಾರವಾರದಿಂದ ಇನ್ನೊಂದು ಬಸ್ಸು ಹಿಡಿಯಬೇಕು, ಇಷ್ಟು ಸಾಕು.

ಇಳಿದವರೇ ನೇರ ಧಕ್ಕೆಗೆ ಹೋದೆವು. ನೀಲಕ್ಕ ಮೊದಲ ಸಲ ಸಮುದ್ರ ಕಂಡರು. ಏನಾದರೂ ಹೇಳುತ್ತಾರೆಂದು ನಾನು ಕಾದೆ. (ಅಂಕಣಕ್ಕೆ ಬೇಕಿತ್ತು.) ಅವರು ಒಮ್ಮೆ ನೋಡಿ, "ದೊಡ್ಡದೈತಿ," ಎಂದು ಕಟ್ಟೆಯ ಕಡೆ ತಿರುಗಿದರು. ಅವರು ಬಂದದ್ದು ಕಟ್ಟೆ ನೋಡಲು.

ಅದೂ ನೋಡಿದ್ದು ಹೇಗೆ! ಮೂಟೆಗೆ ಬಾಯಿ ಬಿಚ್ಚಿ ಕಾಳು ನೋಡುವ ಹಾಗೆ. ಕಲ್ಲಿನ ಸಂದಿಗೆ ಬೆರಳು ಹಾಕಿದರು. ಅಂಚಿಗೆ ಹೋಗಿ ಬಗ್ಗಿದರು. ನೀರು ಇಳಿದ ಹೊತ್ತು. ಕೆಳಗೆ ಕೆಸರಿನಲ್ಲಿ ಹಳೆಯ ಮರದ ಕಂಬಗಳ ಬುಡಗಳು ಎದ್ದು ನಿಂತಿದ್ದವು, ಕಪ್ಪಗೆ, ಚಿಪ್ಪು ಹತ್ತಿಕೊಂಡು.

"ಸಾಗವಾನಿ," ಎಂದರು ನೀಲಕ್ಕ. "ನಮ್ಮ ಕಡಿ ಕಟಗಿ ಇದು."

ಅಷ್ಟರಲ್ಲಿ ದಾಮೋದರಣ್ಣ ಬಂದರು. ನರೆತ ಮೀಸೆ, ಮೊಣಕಾಲ ಮೇಲಿನ ಲುಂಗಿ. ನಾನು ಪರಿಚಯ ಹೇಳಿದೆ. ಗುರುಬಸಪ್ಪನ ಮೊಮ್ಮಗಳು ಎಂದ ಕೂಡಲೇ ಅವರು ಮೊದಲು ಲುಂಗಿ ಇಳಿಸಿದರು, ಆಮೇಲೆ ಕೈ ಮುಗಿದರು. "ಫೋನಲ್ಲಿ ನೀವು ಬೈದ್ರಿ ಬಾಯಿ. ಎಂತಕ್ಕೆ ಅಂತ ನಮ್ಗೆ ಯಾರಿಗೂ ತಿಳೀಲಿಲ್ಲ."

ಯಾಕೆಂದು ನಾನು ತಿಳಿಸಿ ಹೇಳಿದೆ. ದಾಮೋದರಣ್ಣ ನಗಲಿಲ್ಲ. ಬಾಯಿ ತೆರೆದು ಕೇಳಿಕೊಂಡರು. ಆಮೇಲೆ ಹೇಳಿದರು: "ಈ ಧಕ್ಕೆ ಇಲ್ಲದಾಗ ಸೊಂಟದ ಮಟ್ಟ ನೀರಲ್ಲಿ ನಡೆದು ಸಾಮಾನು ಹೊರ್ತಿದ್ರಂತೆ. ನನ್ನ ಅಜ್ಜಿ ಹೇಳ್ತಿದ್ಲು. ಹಳಿಯಾಳ ಸಾವಕಾರ ಬಂದ, ಕಲ್ಲು ಹಾಕ್ಸಿದ, ಆಮೇಲೆ ನಮ್ಮವರ ಸೀರೆ ಒದ್ದೆ ಆಗ್ಲಿಲ್ಲ ಅಂತ."

"ಅವನ ದೋಣಿ ಮುಳಿಗಿತ್ತಂತಲ್ರಿ?"

"ಅದು ಗೊತ್ತಿಲ್ಲ ಬಾಯಿ. ಮುಳುಗಿದ್ರೂ ಮುಳುಗಿರ್ಬಹುದು. ಸಮುದ್ರದಲ್ಲಿ ಯಾರ ದೋಣಿ ಮುಳುಗ್ಲಿಲ್ಲ?"

ನನ್ನ ಒಳಗೊಳಗೇ ವಾಕ್ಯಗಳು ಸಾಲುಗಟ್ಟಿದವು. "ಎಂಥ ಪರೋಪಕಾರಿ ನೋಡಿ ನಿಮ್ಮ ಅಜ್ಜ," ಎಂದೆ. "ಬಡವರ ಕಷ್ಟ ನೋಡಲಾರದೆ..."

"ಅಕ್ಕಾರ, ಸುಳ್ಳ ಬರೀಬ್ಯಾಡ್ರಿ," ಎಂದರು ನೀಲಕ್ಕ. "ನಮ್ಮ ಅಜ್ಜ ವ್ಯಾಪಾರಿ. ತನ್ನ ಕಟಗಿ ತ್ವಾಯಬಾರದು, ತನ್ನ ಅಕ್ಕಿ ಒಣಾ ಇರಬೇಕು, ಅದಕ್ಕ ಕಟ್ಟಿಸ್ಯಾನ. ಧರ್ಮಕ್ಕ ಇಷ್ಟ ಕಲ್ಲು ಯಾರೂ ಹೊರಂಗಿಲ್ಲ."

ಕರುಣಾಮಯಿ ಸಮುದ್ರ ಸೇರಿದ.

ಅವರು ಕಟ್ಟೆಯ ಈ ತುದಿಯಿಂದ ಆ ತುದಿಗೆ ನಡೆದು ಬಂದು ದಾಮೋದರಣ್ಣನಿಗೆ ಕೇಳಿದರು, "ಇದಕ್ಕ ಬಾಗಿಲಾ ಇತ್ತೇನ್ರಿ? ಗೇಟು?"

"ಗೇಟಾ? ಯಾವತ್ತೂ ಇರ್ಲಿಲ್ಲ. ಯಾರ ದೋಣಿ ಬೇಕಾದ್ರೂ ಬಂದು ಕಟ್ಟೂದು. ಸಣ್ಣ ಪಾತಿದೋಣಿಯಿಂದ ಹಿಡಿದು."

"ಹಂಗಾರ ಅಷ್ಟ ಬರೀರಿ ಅಕ್ಕಾರ," ಎಂದರು ನೀಲಕ್ಕ. "ಕಟ್ಟಿಸಿದ್ದು ತನಗಾಗಿ. ಬಾಗಿಲಾ ಹಾಕಲಿಲ್ಲ."

ನಾನು ಎಷ್ಟೋ ಸನ್ಮಾನ ಸಮಾರಂಭಗಳಲ್ಲಿ ಅಭಿನಂದನಾ ಭಾಷಣ ಮಾಡಿದ್ದೇನೆ. ಸತ್ತವರ ಬಗ್ಗೆ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ನಿಜ ಹೇಳಿದ್ದು ನೆನಪಿಲ್ಲ.

ಆದರೆ ದಾಮೋದರಣ್ಣನ ಮುಖ ಬಾಡಿತ್ತು. ಅವರು ನಮ್ಮನ್ನು ಕಟ್ಟೆಯ ಬಾಯಿಗೆ ಕರೆದುಕೊಂಡು ಹೋದರು. ಅಲ್ಲಿ ಎರಡು ಹೊಸ ಕಾಂಕ್ರೀಟ್ ಕಂಬ ನಿಂತಿದ್ದವು, ಸಿಮೆಂಟು ಇನ್ನೂ ಹಸಿ ಬಣ್ಣದ್ದು. ಗೇಟು ಬರಲಿದೆ, ಪಾಸ್ ಇದ್ದ ದೊಡ್ಡ ದೋಣಿಗಳ ಸಾಮಾನು ಮಾತ್ರ ಇಲ್ಲಿಂದ ಹೋಗಬೇಕು. ಪಾತಿದೋಣಿಯವರು ಆಚೆಯ ಕೆಸರಿನಲ್ಲಿ ಇಳಿಸಿಕೊಳ್ಳಬೇಕು. ಅಂದರೆ ಮತ್ತೆ ಸೊಂಟದ ಮಟ್ಟ ನೀರು.

"ಹೆಸರು ಇರ್ಲಿ ಅಂತ ನಾವು ಒದ್ದಾಡಿದ್ದು ಅದಕ್ಕೇ ಬಾಯಿ," ಎಂದರು. "ಗುರುಬಸಪ್ಪನ ಧಕ್ಕೆ ಅಂದ್ರೆ, ಅವ ಎಲ್ಲರಿಗೂ ಬಿಟ್ಟದ್ದು, ನೀವ್ಯಾರು ತಡೆಯೂಕೆ ಅಂತ ಕೇಳಬಹುದು. ಜೆಟ್ಟಿ ನಂಬರ್ ಎರಡು ಅಂದ್ರೆ ಎಂತ ಕೇಳೂದು? ನಂಬರಿಗೆ ಅಜ್ಜ ಇಲ್ಲ, ಮೊಮ್ಮಗಳೂ ಇಲ್ಲ."

ನೀಲಕ್ಕ ಆ ಕಂಬಕ್ಕೆ ಅಂಗೈಯಿಂದ ಒಮ್ಮೆ ಬಡಿದರು. "ಆಫೀಸ್ ಎಲ್ಲೈತಿ ತೋರಸ್ರಿ."

*

ಆಫೀಸಿನ ಸಾಹೇಬರು ಚಿಕ್ಕ ವಯಸ್ಸಿನವರು, ಸೌಮ್ಯ ಮನುಷ್ಯ. ಕುರ್ಚಿ ಹಾಕಿಸಿದರು. ವಿಷಯ ಕೇಳಿ, "ಕುಟುಂಬದವರ ಅಭ್ಯಂತರ ಇದೆ ಅಂತ ನೋಟ್ ಆಗಿದೆಯಲ್ಲಮ್ಮಾ," ಎಂದರು.

"ಆ ಕುಟುಂಬ ನಾನ. ಅಭ್ಯಂತರಾನೂ ನಂದ. ವಾಪಸ್ ತಗೊಳ್ಳಾಕ ಬಂದೇನಿ."

ನಾನು ಮಧ್ಯೆ ಪ್ರವೇಶಿಸಿ ಧಕ್ಕೆ ಶಬ್ದದ ಎರಡು ಅರ್ಥಗಳ ಬಗ್ಗೆ ಚಿಕ್ಕ ಉಪನ್ಯಾಸ ಕೊಟ್ಟೆ. ಸಾಹೇಬರು ಮನಸಾರೆ ನಕ್ಕರು. "ಇಷ್ಟೇ ತಾನೇ? ಹೆಸರು ಹಾಕಿಸೋಣ ಬಿಡಿ. ಪೇಂಟ್ ಬೇಡ, ಗ್ರಾನೈಟ್ ಕಲ್ಲಲ್ಲೇ ಕೆತ್ತಿಸೋಣ. ಉದ್ಘಾಟನೆಗೆ ನೀವೇ ಬರಬೇಕು. ಶಾಲು ಹೊದಿಸ್ತೀವಿ."

ನನಗೆ ಜೀವ ಬಂತು. ಗೆದ್ದೆವು. ಸಂಜೆಯ ಬಸ್ಸಿಗೆ ಹೊರಟರೆ ಊಟದ ಹೊತ್ತಿಗೆ ಮನೆ. ನಾನು ಚೀಲ ಎತ್ತಿಕೊಂಡು ಎದ್ದೇಬಿಟ್ಟೆ.

ನೀಲಕ್ಕ ಏಳಲಿಲ್ಲ. "ಆ ಕಲ್ಲು ಎಲ್ಲಿ ಹಚ್ಚತೀರಿ?"

"ಎದುರಿಗೇ ಕಾಣೋ ಹಾಗೆ. ಗೇಟಿನ ಕಂಬದ ಮೇಲೆ."

ನಾನು ಮತ್ತೆ ಕೂತೆ.

"ಹಂಗಾರ ಬ್ಯಾಡ್ರಿ," ಎಂದರು ನೀಲಕ್ಕ. ದನಿ ಏರಲಿಲ್ಲ. "ನಮ್ಮ ಅಜ್ಜ ಬಾಗಿಲಾ ಇಡದ ಕಟ್ಟಿಸಿದ ಜಾಗಾ ಅದು. ನೀವು ಬಾಗಿಲಾ ಹಾಕಿ, ಅದರ ಮ್ಯಾಲ ಅವನ ಹೆಸರು ಹಚ್ಚಿದ್ರ, ಬಡವರನ್ನ ತಡದದ್ದು ಗುರುಬಸಪ್ಪ ಅಂತ ಆಗ್ತೈತಿ. ಇಷ್ಟ ದಿನಾ ನಾವು ಸುಳ್ಳ ಸುಳ್ಳ ಧಕ್ಕಿ ಅಂತ ತಿಳಕೊಂಡಿದ್ವಿ. ಆವಾಗ ಖರೇನ ಧಕ್ಕಿ ಆಗ್ತೈತ್ರಿ."

ಸಾಹೇಬರ ನಗು ನಿಂತಿತು. ಗೇಟು ಪ್ಲಾನಿನಲ್ಲಿದೆ ಎಂದರು. ಸೇಫ್ಟಿ ಎಂದರು.

"ಮಕ್ಕಳು ನೀರಿಗೆ ಬೀಳ್ತಾವಂದ್ರ ಅಂಚಿಗೆ ಕಬ್ಬಿಣದ ಕಟಾಂಜನ ಹಾಕ್ರಿ, ನಾ ಬ್ಯಾಡ ಅನ್ನಂಗಿಲ್ಲ. ದುಡದು ಬಂದ ದೋಣಿನ ಹೊರಗ ನಿಲ್ಲಸೂದು ಯಾ ಸೇಫ್ಟಿ ಆತ್ರಿ?"

"ನನ್ನ ಕೈಯಲ್ಲಿಲ್ಲಮ್ಮಾ. ಮೇಲಿನವರಿಗೆ ಬರೆಯಬೇಕು."

"ಬರೀರಿ."

"ಬರೀತೀನಿ. ನೀವು ಹೊರಡಿ, ನಿಮಗೆ ಬಸ್ಸು..."

"ನೀವು ಬರೀರಿ. ನಾ ಕುಂತಿರ್ತೇನಿ."

ಕೂತರು. ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಣಗಿದ ಬದನೆಕಾಯಿ ಪಲ್ಯ. ಆಫೀಸಿನ ಎಲ್ಲರ ಮೇಜಿಗೂ ಒಂದೊಂದು ರೊಟ್ಟಿ ಹೋಯಿತು. ಸಾಹೇಬರು ಮೊದಲು ಬೇಡ ಎಂದರು. ಆಮೇಲೆ ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತ ಇನ್ನೊಂದು ಕೈಯಲ್ಲಿ ಟೈಪ್ ಮಾಡತೊಡಗಿದರು. ಸಣ್ಣ ದೋಣಿಗಳಿಗೆ ಧಕ್ಕೆ ಮೊದಲಿನಂತೆ ತೆರೆದಿರಬೇಕು, ಕಟ್ಟಿಸಿದವರ ಕುಟುಂಬದ ವಿನಂತಿ ಎಂದು. ನೀಲಕ್ಕ ಓದಿಸಿ ಕೇಳಿದರು. "ವಿನಂತಿ ಬ್ಯಾಡ, ಕರಾರು ಅಂತ ಹಾಕ್ರಿ," ಎಂದರು. ಸಾಹೇಬರು ಅದನ್ನೂ ಹಾಕಿದರು. ಹೊರಗೆ ದಾಮೋದರಣ್ಣ ಕಿಟಕಿ ಸರಳು ಹಿಡಿದು ನಿಂತಿದ್ದರು. ಪಲ್ಯದ ಡಬ್ಬಿ ಕಿಟಕಿಯಿಂದಲೇ ಅವರ ಕೈ ಸೇರಿತು.

*

ಹೆಸರಿಡುವುದಕ್ಕೆ ನಮ್ಮಲ್ಲಿ ಬರವೇ? ಸಿಮೆಂಟಿನ ಬೆಂಚಿಗೆ ಹೆಸರು. ಬಸ್ ಸ್ಟಾಪಿಗೆ ಹೆಸರು, ನೆರಳಿಗಿಂತ ಹೆಸರೇ ದೊಡ್ಡದು. ನಮ್ಮ ಕಾಲೋನಿಯಲ್ಲಿ ಒಂದು ನಳಕ್ಕೂ ದಾನಿಗಳ ಹೆಸರಿದೆ, ನೀರಿಲ್ಲ. (ಹೆಚ್ಚಾಗಿದೆ ಅನ್ನಬೇಕು.) ಹೆಸರು ಹಾಕಿಸಿಕೊಳ್ಳಲು ಓಡಾಡುವವರನ್ನು ನಾನು ದಿನಾ ನೋಡುತ್ತೇನೆ. ಗ್ರಾನೈಟಿನಲ್ಲಿ ಕೆತ್ತಿಸುತ್ತೇವೆ ಎಂದಾಗ, ಹೀಗಾದರೆ ಬೇಡ ಎಂದವರನ್ನು ನೋಡಿದ್ದು ಇದೇ ಮೊದಲು. ಎರಡು ತಲೆಮಾರು ತಪ್ಪಾಗಿ ಅರ್ಥ ಮಾಡಿಕೊಂಡು, ನಾಚಿಕೊಂಡು, ಮುಚ್ಚಿಟ್ಟುಕೊಂಡ ಹೆಸರು ಅದು. ಸರಿಯಾದ ಅರ್ಥ ಸಿಕ್ಕ ದಿನವೇ ನೀಲಕ್ಕ ಅದನ್ನು ಪಣಕ್ಕಿಟ್ಟರು. ಹೆಸರಿನ ಆಸೆ ಅವರಿಗೂ ಇತ್ತು. ಸಾಹೇಬರು ಗ್ರಾನೈಟ್ ಎಂದಾಗ ಅವರ ಮುಖ ಅರಳಿದ್ದನ್ನು ನಾನು ಪಕ್ಕದಲ್ಲೇ ಕೂತು ಕಂಡಿದ್ದೇನೆ. ಆದರೂ ಬೇಡ ಎಂದರು. ನನಗಾಗಿದ್ದರೆ ಆ ಧೈರ್ಯ ಬರುತ್ತಿರಲಿಲ್ಲ. ಶಾಲಿನ ಬಣ್ಣ ಯಾವುದು ಎಂದು ಕೇಳಿ ಬರುತ್ತಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. "ಅವರು ಒಪ್ಪದೇ ಹೋದ್ರೆ ಏನು ಮಾಡ್ತೀರಿ ನೀಲಕ್ಕಾ?"

"ಮತ್ತ ಹೋಗೂಣು. ಬಸ್ ಐತಲ್ರಿ."

'ಹೋಗೂಣು' ಎಂಬುದು ನನ್ನನ್ನೂ ಸೇರಿಸಿಕೊಂಡ ಕ್ರಿಯಾಪದ. ಗಮನಿಸಿದೆ.

ಇದಾಗಿ ಕೆಲವು ವಾರಗಳಾದವು. ಮೇಲಿನವರು ಇನ್ನೂ ಉತ್ತರ ಕೊಟ್ಟಿಲ್ಲ. ಕಂಬಗಳು ನಿಂತಿವೆ, ಗೇಟು ಬಂದಿಲ್ಲ. ಬೋರ್ಡಿಗೆ ಬಿಳಿ ಬಣ್ಣ ಬಳಿದಿದ್ದಾರೆ, ಅಕ್ಷರ ಬರೆದಿಲ್ಲ. ಪಾತಿದೋಣಿಗಳು ಹಾಗೇ ಬಂದು ಕಟ್ಟುತ್ತಿವೆ ಎಂದು ನನ್ನ ಅಣ್ಣನ ವರದಿ. ನೀಲಕ್ಕ ಪ್ರತಿ ಸೋಮವಾರ ಪೂಜೆ ಮುಗಿಸಿ, ಅಂಗಡಿ ಬಾಗಿಲು ತೆರೆದ ಕೂಡಲೇ ಸಾಹೇಬರಿಗೆ ಫೋನ್ ಮಾಡುತ್ತಾರೆ.

"ಗೇಟ್ ಬಂತೇನ್ರಿ?"

ಮೊದಲ ವಾರ ಅವರು, "ಇಲ್ಲಮ್ಮಾ," ಎಂದರಂತೆ. "ಬೆಳಿಗ್ಗೆ ಬೆಳಿಗ್ಗೆ ಇಲ್ಲ ಅನಬಾರದ್ರಿ ಸಾಹೇಬ್ರ, ಹೆಚ್ಚಾಗೇತಿ ಅನ್ರಿ," ಎಂದು ನೀಲಕ್ಕ ತಿದ್ದಿದರಂತೆ. ಈಗ ಅವರು ಫೋನ್ ಎತ್ತಿದ ಕೂಡಲೇ, ನಮಸ್ಕಾರವನ್ನೂ ಹೇಳದೆ, "ಗೇಟು ಹೆಚ್ಚಾಗಿದೆಯಮ್ಮಾ," ಎನ್ನುತ್ತಾರಂತೆ. ಆ ಗೇಟು ಹೀಗೇ ಹೆಚ್ಚಾಗುತ್ತಲೇ ಇರಲಿ ಎಂದು ನಾನೂ ಬೇಡಿಕೊಳ್ಳುತ್ತಿದ್ದೇನೆ. ಮೇಲಿನವರಿಗೆ ನಾನೂ ಒಂದು ಕಾಗದ ಹಾಕಿದ್ದೇನೆ. ನಮ್ಮನೆಯವರು ಸಹಿ ಮಾಡಿದ್ದಾರೆ, ಕೇಳದೆಯೇ.

ಆದರೆ ನನ್ನ ಮೇಲೆ ಒಂದು ಬಾಕಿ ಉಳಿದಿತ್ತು. ನಿನ್ನೆ ನೀಲಕ್ಕ ಫೋನಿನಲ್ಲಿ ನೆನಪಿಸಿದರು. "ಎಲ್ಲಾ ಖರೆ ಅಕ್ಕಾರ, ನನ್ನ ತಿದ್ದುಪಡಿ ಎಲ್ಲೈತ್ರಿ? ಜೀರಗಿ ಕಟ್ಟಾಕ ಪೇಪರ್ ತಗದೇನಿ, ಈ ವಾರಾನೂ ಕಾಣವಲ್ತು."

ತಗೊಳ್ಳಿ ನೀಲಕ್ಕಾ, ಕತ್ತರಿಸಿ ಗಲ್ಲಾದ ಮೇಲೆ ಅಂಟಿಸಿಕೊಳ್ಳಿ.

ತಿದ್ದುಪಡಿ: ಹಳಿಯಾಳದ ಗುರುಬಸಪ್ಪ ಸಾವಕಾರರಿಗೆ ಈವರೆಗೆ ಯಾವ ಧಕ್ಕೆಯೂ ಆಗಿಲ್ಲ, ಇನ್ನು ಆಗಬೇಕೆಂದರೆ ಅದು ಮೊದಲು ಅವರ ಮೊಮ್ಮಗಳನ್ನು ದಾಟಿ ಬರಬೇಕು.